ಭಾವ ಬಿಸಾಡಿದ ಡಬ್ಬಿ

ನನ್ನ ಹೊಟ್ಟೆಯ ಎಡಗಡೆ, ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ, ಒಂದು ಚೀಲ ಅಂಟಿಕೊಂಡಿದೆ. ಮಲ ಅದರೊಳಗೆ ಬಂದು ಬೀಳುತ್ತದೆ. ಹಿಂದಿನ ದಾರಿಯನ್ನು ಡಾಕ್ಟರು ಶಾಶ್ವತವಾಗಿ ಹೊಲಿದು ಮುಚ್ಚಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಲು ನಾಚಿಕೊಂಡೇ ನಾನು ಈ ಗತಿಗೆ ಬಂದದ್ದು. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ, ಮುಂದೆ ಇನ್ನೂ ಇದೆ.

ಕಾಯಿಲೆ ವಾಸಿಯಾದವರು ಬರೆಯಲು ಕೂತರೆ ದೇವರಿಗೆ, ಡಾಕ್ಟರಿಗೆ, ಮನೆಯವರಿಗೆ ಕೈಮುಗಿದು ಶುರುಮಾಡುವುದು ವಾಡಿಕೆ. ನನಗೂ ಕೃತಜ್ಞತೆ ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಎಷ್ಟೋ ದಿನ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಎರಡು ತುತ್ತು ಉಣ್ಣಿಸಿದ್ದು ಆ ಸಿಟ್ಟೇ. ನನ್ನ ಗಂಡನ ಅಣ್ಣ ನಾರಾಯಣ ಭಾವ ಎಲ್ಲರ ಮುಂದೆ ನಿಂತು, "ಅದನ್ನು ಬಿಸಾಡಿದ್ದು ನಾನು" ಎಂದು ಹೇಳಬೇಕು. ಆ ಮಾತು ಕೇಳದೆ ಸಾಯುವುದಿಲ್ಲ ಎಂದು ಹಟ ಹಿಡಿದಿದ್ದೆ. ಈ ಬರಹ ಆ ಹಟದ್ದು.

ನಾವು ಉಡುಪಿ ಕಡೆಯವರು, ಮನೆಮಾತು ತುಳು. ಸಿಡ್ನಿಯ ಗಿರಾವೀನ್‌ನಲ್ಲಿ ನಮ್ಮ ಮನೆ. ಎರಡು ಬೀದಿ ದಾಟಿದರೆ ಭಾವ ಮತ್ತು ಅವರ ಹೆಂಡತಿ ಶಾರದಕ್ಕನ ಮನೆ. ನಮ್ಮವರು ಕಟ್ಟಡದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್, ಮಿತಭಾಷಿ, ಅಣ್ಣನ ಎದುರು ಅಂತೂ ಮೂಕ. ನಾನು ವಯಸ್ಸಾದವರ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಜ್ಜ ಅಜ್ಜಿಯರನ್ನು ತೊಳೆಯುವುದು, ಒರೆಸುವುದು, ಪ್ಯಾಡ್ ಬದಲಿಸುವುದು. ಊರಿನವರಿಗೆ ಮಾತ್ರ "ನರ್ಸಿಂಗ್ ಲೈನ್" ಎಂದು ಹೇಳಿಕೊಂಡಿದ್ದೆವು. ಭಾವ ನಮ್ಮ ಕಡೆಯವರ ಸಂಘದ ಅಧ್ಯಕ್ಷರು. ಪೂಜೆ ಪುನಸ್ಕಾರ, ತಿಂಗಳ ಭಜನೆ, ಗಣೇಶನ ಹಬ್ಬ, ಎಲ್ಲದಕ್ಕೂ ಅವರೇ. ಒಳ್ಳೆಯ ಕಂಠ, ಒಳ್ಳೆಯ ಮಂತ್ರ, ಸುಳ್ಳು ಹೇಳುವುದಿಲ್ಲ.

ನನಗೆ ಐವತ್ತೈದು ತುಂಬಿದ ಸುಮಾರಿಗೆ ಪೋಸ್ಟಿನಲ್ಲಿ ಒಂದು ಕಿಟ್ ಬಂತು. ಕರುಳಿನ ಕ್ಯಾನ್ಸರಿನ ತಪಾಸಣೆಗೆಂದು ಐವತ್ತೈದು, ಅರವತ್ತೈದು ತುಂಬುವವರ ಮನೆಗೆ ಸರ್ಕಾರ ಆಗಷ್ಟೇ ಅದನ್ನು ಕಳಿಸಲು ಶುರುಮಾಡಿತ್ತು. ಎರಡು ಪುಟ್ಟ ಟ್ಯೂಬು, ಒಂದು ಕವರು. ಎರಡು ಬೇರೆ ಬೇರೆ ಸಲದ ಮಲವನ್ನು ಕಡ್ಡಿಯಲ್ಲಿ ಚೂರೇ ಚೂರು ತೆಗೆದು ಟ್ಯೂಬಿನಲ್ಲಿ ಹಾಕಿ ಅಂಚೆಗೆ ಹಾಕಬೇಕು. ಎರಡನೆಯದು ಸಿಗುವವರೆಗೆ ಮೊದಲನೆಯದನ್ನು ಫ್ರಿಜ್ಜಿನಲ್ಲಿ ಇಡಿ ಎಂದು ಬರೆದಿತ್ತು. ದಿನವಿಡೀ ಬೇರೆಯವರದ್ದನ್ನು ಬಾಚುವವಳು ನಾನು, ನನ್ನದಕ್ಕೆ ಏನು ಅಸಹ್ಯ? ಮೊದಲ ದಿನದ್ದನ್ನು ತೆಗೆದು, ಅವರು ಕೊಟ್ಟ ಚೀಲದಲ್ಲಿ ಹಾಕಿ, ಆ ಚೀಲವನ್ನು ಖಾಲಿ ಐಸ್‌ಕ್ರೀಮ್ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದು ಫ್ರಿಜ್ಜಿನ ತಳದಲ್ಲಿಟ್ಟೆ.

ಆ ವಾರ ತಿಂಗಳ ಭಜನೆ ನಮ್ಮ ಮನೆಯಲ್ಲಿ ಎಂಬುದನ್ನು ಮರೆತೇ ಬಿಟ್ಟಿದ್ದೆ.

ಮಾರನೆಯ ದಿನ ಮಧ್ಯಾಹ್ನ ಮೂವತ್ತು ಜನ ಹಾಲ್‌ನಲ್ಲಿ ತಾಳ ಹಿಡಿದು ಕೂತಿದ್ದಾರೆ. ಭಾವ ಪಟ್ಟೆಮಡಿ ಉಟ್ಟು ಪಂಚಾಮೃತಕ್ಕೆ ಹಾಲು, ಮೊಸರು ತೆಗೆಯಲು ಅಡುಗೆಮನೆಗೆ ಬಂದರು. ಮೊಸರಿನ ಡಬ್ಬಿ ಇರಬೇಕು ಎಂದುಕೊಂಡು ಆ ಡಬ್ಬಿಯ ಮುಚ್ಚಳ ತೆಗೆದರು.

"ಎಂತ ಇದು ಸುಮಿತ್ರಾ?"

"ಟೆಸ್ಟಿಂದು ಭಾವ. ಸರ್ಕಾರದ್ದು."

"ಎಂತ ಟೆಸ್ಟು?"

ಚೀಲದ ಮೇಲೆ ಬರೆದದ್ದನ್ನು ಅವರೇ ಓದಿಕೊಂಡರು. ಮುಖ ಕೆಂಪಗಾಯಿತು.

"ಶಿವ ಶಿವ! ದೇವರ ಹಾಲಿನ ಬುಡದಲ್ಲಿ ಹೇಲಾ? ನಿಂಗೆ ತಲೆ ಸಮ ಉಂಟಾ? ಈ ಮನೆಯಲ್ಲಿ ಇನ್ನು ಯಾರು ನೀರು ಕುಡಿಯುವುದು?"

ಡಬ್ಬಿಯನ್ನು ಪೇಪರಿನಲ್ಲಿ ಹಿಡಿದು ಹೊರಗಿನ ಬಿನ್ನಿಗೆ ಎಸೆದು ಬಂದರು. ಮೇಜಿನ ಮೇಲಿದ್ದ ಎರಡನೆಯ ಟ್ಯೂಬು, ಕವರು, ಕಾಗದ ಎಲ್ಲವೂ ಅದರ ಹಿಂದೆ ಹೋದವು. ಫ್ರಿಜ್ಜಿನ ಹಾಲು, ಮೊಸರು, ದೋಸೆ ಹಿಟ್ಟು ಎಲ್ಲ ಸಿಂಕಿನ ಪಾಲು. ಅರಸಿನ ನೀರು ಚಿಮುಕಿಸಿದರು. ನನಗೆ ತಲೆಗೆ ಸ್ನಾನ ಮಾಡಿ ಬರಲು ಹೇಳಿದರು. ನಾನು ಹೋಗಿ ಮಾಡಿದೆ! ನಮ್ಮವರು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು. ಒದ್ದೆ ತಲೆಯಲ್ಲಿ ಹೊರಗೆ ಬಂದಾಗ ಮೂವತ್ತು ಜನಕ್ಕೂ ವಿಷಯ ಗೊತ್ತಾಗಿತ್ತು. ಒಬ್ಬರು ಕೋಸಂಬರಿ ಬಡಿಸಿಕೊಳ್ಳುವಾಗ, "ಇದು ಫ್ರಿಜ್ಜಿನದ್ದಲ್ಲ ಅಲ್ವಾ ಸುಮಿತ್ರಕ್ಕ?" ಎಂದು ಕೇಳಿದರು. ಎಲ್ಲರೂ ನಕ್ಕರು. ಭಾವನೂ ನಕ್ಕರು.

ಫೋನು ಮಾಡಿದ್ದರೆ ಇನ್ನೊಂದು ಕಿಟ್ ಕಳಿಸುತ್ತಿದ್ದರು. ನೆನಪಿನ ಓಲೆಯೂ ಬಂತು. ನಾನು ಅದನ್ನು ಹರಿದು ಹಾಕಿದೆ. ಆ ಪಾಪದ ಪಾಲು ನನ್ನದು, ಒಪ್ಪುತ್ತೇನೆ. ಆದರೆ ಆ ನಗು ಇನ್ನೂ ಕಿವಿಯಲ್ಲಿದ್ದಾಗ ಇನ್ನೊಂದು ಡಬ್ಬಿ ಮನೆಯೊಳಗೆ ತರುವ ಧೈರ್ಯ ಎಲ್ಲಿಂದ ತರುವುದು?

ಹತ್ತು ತಿಂಗಳ ಮೇಲೆ ರಕ್ತ ಕಂಡಿತು. ಮೂಲವ್ಯಾಧಿ ಎಂದು ನಾನೇ ತೀರ್ಮಾನಿಸಿ ಮಜ್ಜಿಗೆ ಕುಡಿದೆ, ಪುನರ್ಪುಳಿ ಸಾರು ಕುಡಿದೆ, ಖಾರ ಬಿಟ್ಟೆ. ನರ್ಸಿಂಗ್ ಹೋಮಿನಲ್ಲಿ ಒಂದು ದಿನ ಒಬ್ಬ ಅಜ್ಜಿಯನ್ನು ಎತ್ತುವಾಗ ಕಣ್ಣು ಕತ್ತಲೆ ಬಂದು ಅವಳ ಮಂಚದ ಮೇಲೇ ಕುಸಿದೆ. ಆ ಅಜ್ಜಿಯೇ ಬೆಲ್ ಒತ್ತಿ ನನಗೆ ಸಹಾಯ ಕರೆದಳು.

ಆಮೇಲಿನದೆಲ್ಲ ಕಾಯುವುದು. ಆಸ್ಪತ್ರೆಯ ಕಾಯುವ ಕೋಣೆಗಳಲ್ಲಿ ಗೋಡೆಗೆ ಹಾಕಿದ ಟಿವಿಯಲ್ಲಿ ಸದಾ ಯಾರಾದರೂ ಅಡುಗೆ ಮಾಡುತ್ತಿರುತ್ತಾರೆ, ಎದುರಿಗೆ ಉಪವಾಸ ಬಂದವರು ಕೂತಿರುತ್ತಾರೆ. ನಮ್ಮವರು ನನ್ನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಫಲಿತಾಂಶ ಹೇಳಲು ಒಳಗೆ ಕರೆದಾಗ ಡಾಕ್ಟರ ಪಕ್ಕ ಕೂತಿದ್ದ ನರ್ಸು ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆ ಮೆಲ್ಲಗೆ ಸರಿಸಿದಳು. ಅಷ್ಟು ಸಾಕಾಯಿತು, ಉಳಿದದ್ದನ್ನು ಕೇಳಿಸಿಕೊಳ್ಳಲೇ ಇಲ್ಲ. ಕೊನೆಗೆ ಡಾಕ್ಟರು, "ನಿಮಗೆ ಪೋಸ್ಟಿನಲ್ಲಿ ಕಿಟ್ ಬಂದಿರಬೇಕಲ್ಲ?" ಎಂದು ಕೇಳಿದರು. ಬಂದಿತ್ತು ಎಂದೆ. ಆಗ ಅಳಲು ಶುರುಮಾಡಿದ್ದು ನಾನಲ್ಲ, ನಮ್ಮವರು. ಆ ಟಿಶ್ಯೂ ಅವರಿಗೇ ಬೇಕಾಯಿತು.

ಆಪರೇಷನ್ ಆದ ಮೇಲೆ ಭಾವ ಆಸ್ಪತ್ರೆಗೆ ನೋಡಲು ಬಂದರು. ಮಂಚದ ಪಕ್ಕ ನಿಂತು ವಿಷ್ಣು ಸಹಸ್ರನಾಮ ಹೇಳಿ ಪ್ರಸಾದ ಕೊಟ್ಟರು. "ಎಲ್ಲ ಪ್ರಾರಬ್ಧ ಸುಮಿತ್ರಾ. ನಮ್ಮ ಕೈಯಲ್ಲಿ ಎಂತ ಉಂಟು?" ಎಂದರು.

ನಿಮ್ಮ ಕೈಯಲ್ಲಿ ಡಬ್ಬಿ ಇತ್ತಲ್ಲ ಭಾವ ಎಂದು ನಾಲಿಗೆಯ ತುದಿಗೆ ಬಂತು. ಮೂಗಿನಲ್ಲಿ ನಳಿಗೆ ಇತ್ತು. ನುಂಗಿಕೊಂಡೆ. ನನ್ನ ಹಟ ಹುಟ್ಟಿದ್ದು ಆ ಗಳಿಗೆಯಲ್ಲಿ.

ನಮ್ಮವರ ಬಗ್ಗೆ ಒಂದು ಮಾತು ಹೇಳಲೇಬೇಕು. ಚೀಲದ ನಡುವೆ ಹೊಟ್ಟೆಯ ರಂಧ್ರದ ಅಳತೆಗೆ ಸರಿಯಾಗಿ ಒಂದು ತೂತು ಕತ್ತರಿಸಬೇಕು, ಸ್ವಲ್ಪ ಹೆಚ್ಚಾದರೂ ಸುತ್ತಲಿನ ಚರ್ಮ ಸುಟ್ಟಂತೆ ಉರಿಯುತ್ತದೆ. ನಾನು ಕತ್ತರಿಸಿದ್ದು ವಾರೆಯಾಗುತ್ತಿತ್ತು. ಅವರು ಆಫೀಸಿನ ಕಂಪಾಸು ತಂದು, ವೃತ್ತ ಎಳೆದು, ತಿಂಗಳಿಗಾಗುವಷ್ಟು ಚೀಲಗಳನ್ನು ಕತ್ತರಿಸಿ ಒಂದರ ಮೇಲೊಂದು ಜೋಡಿಸಿಟ್ಟರು. "ಅವತ್ತು ನಾನು ಮಾತಾಡಬೇಕಿತ್ತು" ಎಂದು ಕತ್ತರಿ ನೋಡುತ್ತಾ ಹೇಳಿದರು. ಹೌದು, ಮಾತಾಡಬೇಕಿತ್ತು ಎಂದೆ. ಅವರನ್ನು ನಿಧಾನವಾಗಿ ಕ್ಷಮಿಸಿದೆ. ಒಬ್ಬರನ್ನು ಕ್ಷಮಿಸುವಷ್ಟು ಶಕ್ತಿ ಮಾತ್ರ ನನ್ನಲ್ಲಿತ್ತು.

ಕೀಮೋ ಕೊಡುವಾಗ ಮಗಳು ದೀಪಾ ನನ್ನನ್ನು ಮೆಲ್ಬರ್ನಿಗೆ ಕರೆದುಕೊಂಡು ಹೋದಳು. ಡಾಕ್‌ಲ್ಯಾಂಡ್ಸ್‌ನಲ್ಲಿ ಅವಳ ಅಪಾರ್ಟ್‌ಮೆಂಟು, ಅವಳು ಕೆಲಸ ಮಾಡುವ ಬ್ಯಾಂಕು ನಡೆಯುವಷ್ಟು ದೂರ, ಆಸ್ಪತ್ರೆಗೆ ಟ್ರಾಮು. ಅಲ್ಲಿನ ಕೀಮೋ ಕೋಣೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು. ನನ್ನ ಪಕ್ಕದ ಕುರ್ಚಿಗೆ ಪ್ರತಿ ಸಲವೂ ಒಬ್ಬ ಕಪ್ಪು ಹೆಂಗಸು ಬರುತ್ತಿದ್ದಳು. ಘಾನಾದವಳು, ಅಬೆನಾ. ಅವಳಿಗೂ ನನ್ನದೇ ಕಾಯಿಲೆ. ಸನ್‌ಶೈನ್ ಎಂಬ ಸಬರ್ಬಿನಲ್ಲಿ ಅವಳದ್ದೊಂದು ಕೂದಲು ಹೆಣೆಯುವ ಸಲೂನು.

ಸತ್ಯ ಹೇಳುತ್ತೇನೆ. ಮೊದಲ ದಿನ ನಾನು ಕೈಚೀಲವನ್ನು ಈಚೆ ಮಗ್ಗುಲಿಗೆ ಎಳೆದುಕೊಂಡೆ. ಸಿಡ್ನಿಯ ರೈಲಿನಲ್ಲಿ ಕಪ್ಪು ಜನ ಪಕ್ಕ ಕೂತರೆ ಮಾಡುತ್ತಿದ್ದ ಹಾಗೆಯೇ. ಅವಳು ನೋಡಿದಳು.

"ನನ್ನ ತೋಳಿಗೂ ಸೂಜಿ ಹಾಕಿದ್ದಾರೆ ಸಿಸ್ಟರ್. ನಿನ್ನ ಬ್ಯಾಗ್ ಕದ್ದು ಎಲ್ಲಿಗೆ ಓಡಲಿ?" ಎಂದಳು.

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ದೊಡ್ಡದಾಗಿ ನಕ್ಕಳು. ಅವಳ ನಗುವಿಗೆ ನರ್ಸುಗಳೂ ಬಂದು ಬಗ್ಗಿ ನೋಡುತ್ತಿದ್ದರು. ಅವತ್ತಿನಿಂದ ಗೆಳೆತನ. ಮೂರನೆಯ ವಾರ ನಾನು ಅವಳಿಗೆ ಫ್ರಿಜ್ಜಿನ ಕಥೆ ಹೇಳಿದೆ. ಈ ಸಲ ಅವಳು ನಗಲಿಲ್ಲ.

"ನನ್ನ ಅಣ್ಣ ಹೀಗೆಯೇ ಸತ್ತ. ನಮ್ಮಲ್ಲಿ ಆ ರೋಗದ ಹೆಸರೇ ಹೇಳುವುದಿಲ್ಲ. ಹೇಳಿದರೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನುತ್ತಾರೆ. ಗಂಡಸರಂತೂ, ಹಿಂದಿನಿಂದ ಪರೀಕ್ಷೆ ಅಂದರೆ ಸಾಯುವುದೇ ಲೇಸು ಅನ್ನುತ್ತಾರೆ. ಸರ್ಕಾರದವರು ಕರಪತ್ರ ಕೊಟ್ಟರು. ಕರಪತ್ರದಲ್ಲಿ ಬಿಳಿಯರ ಚಿತ್ರ. ನಮ್ಮವರು ಅದರಲ್ಲಿ ಹುರಿದ ಬಾಳೆಕಾಯಿ ಕಟ್ಟಿಕೊಂಡು ಹೋದರು," ಎಂದಳು.

ಒಂದು ಭಾನುವಾರ ನನ್ನನ್ನು ಅವಳ ಚರ್ಚಿಗೆ ಎಳೆದುಕೊಂಡು ಹೋದಳು. ದೀಪಾ, "ಅಮ್ಮಾ, ಸೀರಿಯಸ್ಲಿ? ಯು ಕ್ಯಾನ್ಟ್ ಈವನ್ ಸಿಟ್ ಫಾರ್ ಆನ್ ಅವರ್" ಎಂದಳು. ಅಲ್ಲಿ ಮೂರು ಗಂಟೆ ಹಾಡು, ಡೋಲು, ಪ್ರಾರ್ಥನೆ. ಕೂರುವವರು ಯಾರು, ಎಲ್ಲರೂ ಕುಣಿಯುವವರೇ. ಎಲ್ಲ ಮುಗಿದ ಮೇಲೆ ಅಬೆನಾ ಮುಂದೆ ಹೋದಳು. ತಲೆಯ ಮೇಲಿನ ವಿಗ್ಗನ್ನು ಎಲ್ಲರ ಎದುರು ತೆಗೆದು ಮೇಜಿನ ಮೇಲಿಟ್ಟಳು. ಊರಿಗೆಲ್ಲ ಕೂದಲು ಹೆಣೆಯುವವಳ ಬೋಳು ತಲೆ! ತನಗೆ ಏನಾಯಿತು, ಯಾವ ಜಾಗದಲ್ಲಿ, ಯಾಕೆ ತಡವಾಯಿತು, ಒಂದೂ ಬಿಡದೆ ಹೇಳಿದಳು. ಆಮೇಲೆ ಅವರ ಪಾದ್ರಿ ಎದ್ದು ಕಿಸೆಯಿಂದ ತನ್ನ ಕಿಟ್ಟಿನ ಕವರು ತೆಗೆದು, ಎತ್ತಿ ತೋರಿಸಿದ. ಹಿಂದಿನ ವಾರ ಹೆಲ್ತ್ ಸೆಂಟರಿನ ನರ್ಸು ಕೊಟ್ಟಿದ್ದ ಕಿಟ್ಟುಗಳ ಕವರು ಹಿಡಿದು ಇನ್ನೂ ಹತ್ತಾರು ಜನ ಎದ್ದರು. ಎಲ್ಲರೂ ಸೇರಿ ಹಾಡಿಕೊಂಡೇ ಮೂಲೆಯ ಕೆಂಪು ಅಂಚೆಪೆಟ್ಟಿಗೆಗೆ ಹೋಗಿ ಒಬ್ಬೊಬ್ಬರಾಗಿ ಹಾಕಿದರು. ಪ್ರತಿ ಕವರು ಬಿದ್ದಾಗಲೂ ಚಪ್ಪಾಳೆ.

ಅಬೆನಾಳ ಪದ್ಧತಿಯೇ ಅದು. ಕಾಯಿಲೆ ಬಂದವರೇ ನಿಂತು ಹೇಳಬೇಕು, ದೊಡ್ಡ ಮನುಷ್ಯನೇ ಮೊದಲು ಮಾಡಬೇಕು, ಮಾಡುವವರು ಒಟ್ಟಿಗೆ ಮಾಡಬೇಕು. ಇಬ್ಬಿಬ್ಬರನ್ನು ಜೋಡಿ ಮಾಡುತ್ತಿದ್ದಳು. ಒಬ್ಬರು ಮಾಡದಿದ್ದರೆ ಇನ್ನೊಬ್ಬರು ಫೋನು ಮಾಡಿ ಪ್ರಾಣ ತಿನ್ನಬೇಕು.

ನಾನು ಅಂಚೆಪೆಟ್ಟಿಗೆಯ ಪಕ್ಕ ನಿಂತು ಅತ್ತೆ. ಸಂತೋಷಕ್ಕಲ್ಲ. ಹೊಟ್ಟೆಯುರಿಗೆ. ಇವರ ಪಾದ್ರಿ ಕವರು ಎತ್ತಿ ತೋರಿಸಿದ, ನಮ್ಮ ಸಂಘದ ಅಧ್ಯಕ್ಷರು ಎತ್ತಿ ಬಿಸಾಡಿದರು.

ಕೀಮೋ ಮುಗಿಸಿ ಗಿರಾವೀನ್‌ಗೆ ಬಂದೆ. ಗಣೇಶನ ಹಬ್ಬ ಹತ್ತಿರವಿತ್ತು. ಶಾಲೆಯ ಹಾಲ್ ಬಾಡಿಗೆ ಹಿಡಿದು ಇನ್ನೂರು ಜನಕ್ಕೆ ಊಟ ಹಾಕುವುದು ಸಂಘದ ರೂಢಿ, ಅದರ ಹುಳಿ, ಪಾಯಸ ನನ್ನ ಕೈಯದ್ದು. ಭಾವನ ಮನೆಗೆ ಹೋಗಿ, ಊಟಕ್ಕೆ ಮೊದಲು ಹತ್ತು ನಿಮಿಷ ಮೈಕ್ ಕೊಡಿ, ಕಿಟ್ಟಿನ ಬಗ್ಗೆ ಮಾತಾಡುತ್ತೇನೆ ಎಂದೆ.

"ಹಬ್ಬದ ದಿನ ಅದೆಲ್ಲ ಬೇಡ ಮಾರಾಯ್ತಿ. ಜನ ಉಣ್ಣಲಿಕ್ಕೆ ಬರುವುದು," ಎಂದರು. ಸ್ವಲ್ಪ ತಡೆದು, "ಮತ್ತೆ, ಈ ಸಲ ನೈವೇದ್ಯದ ಅಡುಗೆಗೂ ನೀನು ಬರುವುದು ಬೇಡ. ನಿಂಗೂ ಆಯಾಸ. ಅಲ್ಲದೆ... ಆ ಚೀಲ ಇಟ್ಟುಕೊಂಡು..." ಎಂದರು.

ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡುವುದು ಬೇಕಾಗಿರಲೂ ಇಲ್ಲ. ನನ್ನ ಮೈಯೆಲ್ಲ ಬೆಂಕಿಯಾಯಿತು. ಎದ್ದು ಬಂದೆ.

ಶಾರದಕ್ಕ ನನ್ನ ಹಿಂದೆಯೇ ಗೇಟಿನವರೆಗೆ ಓಡಿ ಬಂದರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

"ಸುಮೀ, ಯಾರಿಗೂ ಹೇಳಬೇಡ. ಅವರಿಗೂ ಕಿಟ್ಟು ಬಂದಿತ್ತು, ಅರವತ್ತೈದಾಯ್ತಲ್ಲ. ಗ್ಯಾರೇಜಿನಲ್ಲಿ ಹಳೇ ಪೇಂಟ್ ಡಬ್ಬದ ಹಿಂದೆ ಬಿಸಾಡಿದ್ದಾರೆ. ಈಗ ರಕ್ತ ಹೋಗ್ತಾ ಉಂಟು. ಕಕ್ಕಸು ತೊಳೆಯುವವಳು ನಾನಲ್ವಾ, ನಂಗೆ ಗೊತ್ತಾಗ್ತದೆ. ಕೇಳಿದ್ರೆ ಪೈಲ್ಸ್ ಅಂತ ಬಾಯಿ ಮುಚ್ಚಿಸ್ತಾರೆ. ನಂಗೆ ಹೆದರಿಕೆ ಆಗ್ತದೆ ಸುಮೀ."

ಈಗ ನಾನು ಹೇಳುವುದನ್ನು ಓದಿ ನೀವು ನನ್ನನ್ನು ಏನು ಬೇಕಾದರೂ ಅಂದುಕೊಳ್ಳಿ. ನನ್ನ ಹೊಟ್ಟೆ ತಣ್ಣಗಾಯಿತು. ಅವರಿಗೂ ಆಗಲಿ ಎಂದುಕೊಂಡೆ. ಅವರಿಗೂ ಟಿಶ್ಯೂ ಪೆಟ್ಟಿಗೆ ಸರಿಸಲಿ, ಅವರ ಪಟ್ಟೆಮಡಿಯ ಒಳಗೂ ಒಂದು ಚೀಲ ತೂಗಲಿ. ಮಾಡಿದ್ದುಣ್ಣೋ ಮಹರಾಯ. ಮೂರು ದಿನ ಯಾರಿಗೂ ಹೇಳದೆ ಆ ಸುದ್ದಿಯನ್ನು ಬೆಲ್ಲದ ಚೂರಿನಂತೆ ಬಾಯಿಯಲ್ಲಿ ಇಟ್ಟುಕೊಂಡು ಓಡಾಡಿದೆ. ಶಾರದಕ್ಕನ ಮುಖ ಆಗಾಗ ಎದುರಿಗೆ ಬರುತ್ತಿತ್ತು, ತಳ್ಳಿಬಿಡುತ್ತಿದ್ದೆ.

ನಾಲ್ಕನೆಯ ದಿನ ಅಬೆನಾಳಿಗೆ ಫೋನು ಮಾಡಿದೆ. ಹೆಮ್ಮೆಯಿಂದಲೇ ಹೇಳಿದೆ, ಅದೇ ಮನುಷ್ಯ, ಅದೇ ರೋಗ ಇರಬಹುದು ಎಂದು.

"ಅವನು ಸತ್ತರೆ ಎಲ್ಲರೂ ಹೂವು ಹಾಕುತ್ತಾರೆ, ಎಂಥ ಒಳ್ಳೆಯ ಮನುಷ್ಯ ಅನ್ನುತ್ತಾರೆ," ಎಂದಳು ಅಬೆನಾ. "ನಿನ್ನ ಹತ್ತಿರ ತಪ್ಪು ಒಪ್ಪಿಕೊಳ್ಳುವವರು ಯಾರು? ಹೆಣ ಬಾಯಿ ಬಿಡುತ್ತದೆಯೇ? ಸಿಟ್ಟಿದ್ದರೆ ಅವನನ್ನು ಬದುಕಿಸು. ರಕ್ತ ಕಂಡ ಮೇಲೆ ಕಿಟ್ಟು ಗಿಟ್ಟು ಅಂತ ಕಾಯಬೇಡ, ನೇರ ಡಾಕ್ಟರ ಹತ್ತಿರ ಕಳಿಸು."

ಅದು ನನಗೆ ಹೊಳೆದಿರಲೇ ಇಲ್ಲ. ಭಾವ ಸತ್ತರೆ ನಾನು ಸೋತೆ.

ಆದರೆ ಅವರಿಗೆ ಹೇಳಿದರೆ ಕೇಳುವವರೇ? ಶಾರದಕ್ಕನೂ ನಾನೂ ಒಟ್ಟಿಗೆ ಹೇಳಿ ನೋಡಿದೆವು. "ಹೆಂಗಸರು ಇದನ್ನೆಲ್ಲ ಮಾತಾಡುವುದಾ?" ಎಂದು ಎದ್ದು ಹೋದರು. ನಮ್ಮವರು ಜೀವಮಾನದಲ್ಲಿ ಮೊದಲ ಸಲ ಅಣ್ಣನಿಗೆ ಎದುರಾಡಿದರು, ಅದೂ ನಡೆಯಲಿಲ್ಲ. ಚರ್ಚಿನವರ ಹಾಗೆ ನಮ್ಮ ಸಂಘದವರನ್ನು ಹಾಡಿಸಿ ಕುಣಿಸಿ ಅಂಚೆಪೆಟ್ಟಿಗೆಗೆ ಒಯ್ಯುವುದು ಆಗುವ ಮಾತಲ್ಲ. ಹಸಿದ ಹೊಟ್ಟೆ, ಬೇಯುವ ಹುಳಿಯ ವಾಸನೆ, ಈ ಎರಡಕ್ಕೆ ಮಾತ್ರ ನಮ್ಮ ಜನ ತಾಳ್ಮೆಯಿಂದ ಕೂರುತ್ತಾರೆ. ಅಡುಗೆಮನೆ ಹೆಂಗಸರ ಕೈಯಲ್ಲಿತ್ತು.

ಹಬ್ಬದ ದಿನ ನಾನು ಹೋಗಿ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತೆ. ಮಂಗಳಾರತಿ ಆಯಿತು. ಗಂಡಸರು ಉದ್ದದ ಮೇಜುಗಳಿಗೆ ಬಂದು ತಟ್ಟೆ ಹಿಡಿದು ಕೂತರು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಅನ್ನ ಬರಲಿಲ್ಲ.

ಭಾವ ಮೈಕ್ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು, "ಎಂತ ಆಯ್ತು? ಬಡಿಸಿ," ಎಂದರು.

ಶಾರದಕ್ಕ ಹುಳಿಯ ಪಾತ್ರೆಯ ಮುಚ್ಚಳದ ಮೇಲೆ ಕೈಯೂರಿ ನಿಂತಿದ್ದರು. ಅವರ ಹಿಂದೆ ಎಂಟು ಹತ್ತು ಹೆಂಗಸರು. ಶಾರದಕ್ಕ ಮದುವೆಯಾಗಿ ನಲವತ್ತು ವರ್ಷ ಗಂಡನಿಗೆ ಇಲ್ಲವೆಂದವರಲ್ಲ.

"ಸುಮಿ ಮಾತಾಡಿದ ಮೇಲೆ ಬಡಿಸುವುದು," ಎಂದರು.

"ನಿಂಗೆ ಹುಚ್ಚಾ?"

"ಹೌದು ಅಂತ ಇಟ್ಟುಕೊಳ್ಳಿ."

ಮೇಜಿನಿಂದ ಯಾರೋ, "ಕೊಡಿ ಮಾರಾಯ್ರೆ ಮೈಕು, ಹಸಿವಾಗ್ತದೆ!" ಎಂದು ಕೂಗಿದರು. ನಾನು ನಡೆದುಕೊಂಡು ಹೋಗಿ ಭಾವನ ಕೈಯಿಂದ ಮೈಕ್ ತೆಗೆದುಕೊಂಡೆ. ಸೀರೆಯ ಮೇಲಿನಿಂದಲೇ ಚೀಲವನ್ನು ತಟ್ಟಿ ತೋರಿಸಿದೆ.

"ಇದು ನನ್ನ ಹೇಲಿನ ಚೀಲ," ಎಂದೆ. "ಫ್ರಿಜ್ಜಿನ ಕಥೆ ಹೇಳಿ ನೀವೆಲ್ಲ ನಕ್ಕಿದ್ದೀರಿ. ಆ ಡಬ್ಬಿ ಅವತ್ತು ಅಂಚೆಗೆ ಹೋಗಿದ್ದರೆ ಬಹುಶಃ ಈ ಚೀಲ ಇರುತ್ತಿರಲಿಲ್ಲ. ಬಿಸಾಡಿದವರು ಇಲ್ಲೇ ಇದ್ದಾರೆ. ನಾನು ಹೆಸರು ಹೇಳುವುದಿಲ್ಲ. ಅವರೇ ಹೇಳಲಿ."

ಇನ್ನೂರು ಜನರ ಕಣ್ಣೂ ಒಂದೇ ಕಡೆ ತಿರುಗಿತು. ಭಾವ ನೆಲ ನೋಡಿದರು, ಅವತ್ತು ತಮ್ಮ ನೋಡಿದ ಹಾಗೆಯೇ. ಆಗ ಶಾರದಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ನಮ್ಮವರ ಕಿಟ್ಟು ಗ್ಯಾರೇಜಿನಲ್ಲಿ ಉಂಟು. ಅವರಿಗೆ ರಕ್ತ ಹೋಗ್ತದೆ. ನಾಳೆ ಡಾಕ್ಟರ ಹತ್ತಿರ ಹೋಗದಿದ್ರೆ ನಾನು ಇನ್ನು ಒಲೆ ಹಚ್ಚುವುದಿಲ್ಲ. ಎಲ್ಲರ ಎದುರು ಹೇಳಿದ್ದೇನೆ," ಎಂದು ಗಳಗಳ ಅತ್ತುಬಿಟ್ಟರು.

ಆಮೇಲೆ ಊಟ ಬಡಿಸಿದೆವು. ನಾನೂ ಬಡಿಸಿದೆ, ಯಾರೂ ತಟ್ಟೆ ಸರಿಸಲಿಲ್ಲ. ನನಗೂ ಕಿಟ್ಟು ಬಂದಿತ್ತು, ಕಪಾಟಿನಲ್ಲಿದೆ ಎಂದು ಕಿವಿಯಲ್ಲಿ ಹೇಳಿದವರು ಹಲವರು. ಕೋಸಂಬರಿಯ ಮಾತು ಆಡಿ ನಗಿಸಿದ್ದ ಮಹಾನುಭಾವರೂ ಅವರಲ್ಲೊಬ್ಬರು. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಕೊಟ್ಟೆ.

ಭಾವ ಕೊನೆಗೂ ಒಪ್ಪಿದರು. ಅವರ ಕರುಳಿಗೆ ನಳಿಗೆ ಹಾಕಿ ನೋಡುವ ಪರೀಕ್ಷೆಯ ದಿನ ಕಾಯುವ ಕೋಣೆಯಲ್ಲಿ ಶಾರದಕ್ಕನ ಪಕ್ಕ ಕೂತೆ. ಟಿವಿಯಲ್ಲಿ ಯಾರೋ ಕೇಕಿಗೆ ಕೆನೆ ಬಳಿಯುತ್ತಿದ್ದರು. ಶಾರದಕ್ಕ ನನ್ನ ಕೈ ಬಿಡಲೇ ಇಲ್ಲ. ಡಾಕ್ಟರು ಬಂದು, ಗಂಟು ಸಿಕ್ಕಿತು, ಕೆಟ್ಟದ್ದಾಗುವ ದಾರಿಯಲ್ಲಿತ್ತು, ನಳಿಗೆಯಿಂದಲೇ ಪೂರ್ತಿ ತೆಗೆದಿದ್ದೇವೆ, ಇನ್ನು ಆಗಾಗ ಬಂದು ತೋರಿಸಿದರೆ ಸಾಕು ಎಂದರು. ಹೊಟ್ಟೆ ಕೊಯ್ಯುವುದಿಲ್ಲ. ಕೀಮೋ ಇಲ್ಲ. ಚೀಲ ಇಲ್ಲ.

ಶಾರದಕ್ಕ ನನ್ನನ್ನು ಅಪ್ಪಿಕೊಂಡು ಅತ್ತರು. ನಾನೂ ಅತ್ತೆ. ಆದರೆ ನನ್ನ ಅಳು ಬೇರೆಯದ್ದು. ನನ್ನ ಡಬ್ಬಿ ಬಿಸಾಡಿದ ಮನುಷ್ಯ ನನ್ನ ಬಾಯಿಂದ ಬದುಕಿಕೊಂಡ, ಅದೂ ಮೈಯಲ್ಲಿ ಒಂದು ಹೊಲಿಗೆ ಇಲ್ಲದೆ. ಇದೆಂಥ ನ್ಯಾಯ ದೇವರೆ ಎಂದು ಅತ್ತೆ.

ಭಾವ ಆಸ್ಪತ್ರೆಯ ಅಂಗಿಯಲ್ಲೇ ಚಹಾ ಕುಡಿಯುತ್ತಾ ಕೂತಿದ್ದರು. ಆ ಅಂಗಿಯ ಬೆನ್ನು ತೆರೆದಿರುತ್ತದೆ, ನನಗೆ ಚೆನ್ನಾಗಿ ಗೊತ್ತು.

"ನಿನ್ನಿಂದ ಜೀವ ಉಳೀತು ಸುಮಿತ್ರಾ. ಅವತ್ತು ನಾನು ಮಾಡಿದ್ದು ತಪ್ಪು," ಎಂದರು. ಧ್ವನಿ ಸಣ್ಣಗಿತ್ತು. "ಆದ್ರೆ ಅದು ನಮ್ಮ ಮನೆಯೊಳಗೇ ಇರಲಿ. ನಾಲ್ಕು ಜನರ ಬಾಯಿಗೆ ಬೀಳುವುದು ಬೇಡ."

"ನಂದು ನಾಲ್ಕು ಜನರ ಬಾಯಿಗೆ ಹಾಕಿದ್ದು ಯಾರು ಭಾವ? ದೀಪಾವಳಿಗೆ ಮೈಕ್ ಹಿಡಿದು ನೀವೇ ಹೇಳಬೇಕು. ಇಲ್ಲದಿದ್ರೆ ನಾನು ಹೇಳ್ತೇನೆ. ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ?"

ದೀಪಾವಳಿಗೆ ಅದೇ ಹಾಲ್, ಅದೇ ಜನ. ಭಾವ ಮೈಕ್ ಹಿಡಿದರು. ಆರೋಗ್ಯವೇ ಭಾಗ್ಯ ಎಂದು ಶುರುಮಾಡಿದರು. ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಬೇಕು, ಕೆಲವರು ಅಜ್ಞಾನದಿಂದ ಅದನ್ನು ತಿರಸ್ಕರಿಸುತ್ತಾರೆ, ಹಾಗೆ ಮಾಡಬಾರದು, ಶಾಸ್ತ್ರದಲ್ಲೂ ಶರೀರಮಾದ್ಯಂ ಎಂದಿದೆ, ಎಂದೆಲ್ಲ ಹೇಳಿ ಮೈಕ್ ಕೆಳಗಿಡಲು ಹೊರಟರು. ನಾನು ಅಡುಗೆಮನೆಯ ಬಾಗಿಲಿನಿಂದಲೇ ಕೂಗಿದೆ.

"ಕೆಲವರು ಅಂದ್ರೆ ಯಾರು ಭಾವ?"

ಒಂದು ಕ್ಷಣ ಅವರು ನನ್ನನ್ನು ನೋಡಿದರು. ತಮ್ಮನ ಕಡೆ ನೋಡಿದರು. ನಮ್ಮವರು ಈ ಸಲ ನೆಲ ನೋಡಲಿಲ್ಲ, ಅಣ್ಣನ ಮುಖವನ್ನೇ ನೋಡುತ್ತಾ ಕೂತಿದ್ದರು.

"ನಾನು," ಎಂದರು ಭಾವ. "ಸುಮಿತ್ರನ ಡಬ್ಬಿ ಬಿಸಾಡಿದ್ದು ನಾನು. ಅವಳಿಗೆ ತಲೆಗೆ ಸ್ನಾನ ಮಾಡಿಸಿ, ಊರಿಗೆಲ್ಲ ಹೇಳಿ ನಗಿಸಿದ್ದೂ ನಾನೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಮೈಕ್ ಇಟ್ಟು ನೇರ ಅಡುಗೆಮನೆಗೆ ಬಂದರು. ಕಣ್ಣು ಒದ್ದೆಯಾಗಿತ್ತು. ನನ್ನ ಎದುರು ನಿಂತು, "ಈಗ ಸಾಕಾ ಸುಮಿತ್ರಾ?" ಎಂದು ಕೇಳಿದರು.

ನಾನು ಪಾಯಸ ಕಲಕುತ್ತಿದ್ದೆ. ಸಾಕು ಎನ್ನಬಹುದಿತ್ತು. ದೊಡ್ಡವರು, ಅಳುತ್ತಿದ್ದರು, ಹೆಂಗಸರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಆದರೆ ಅವತ್ತು ಬೆಳಿಗ್ಗೆ ಚೀಲದ ಅಂಟು ಬಿಟ್ಟು, ಸೀರೆಯೆಲ್ಲ ಹಾಳಾಗಿ, ಹಬ್ಬದ ದಿನ ಎರಡು ಸಲ ಸ್ನಾನ ಮಾಡಿ ಬಂದಿದ್ದೆ.

"ಸಾಲದು ಭಾವ," ಎಂದೆ. "ಮುಂದಿನ ವರ್ಷ ಹೊಸಬರು ಬರ್ತಾರೆ. ಅವರಿಗೂ ಹೇಳಬೇಕಲ್ವಾ?"

ಮರುವರ್ಷವೂ ಹೇಳಿದರು. ಅದನ್ನು ಕೇಳಿ ಮನೆಗೆ ಹೋಗಿ ಕಿಟ್ಟು ಮಾಡಿದವರಿದ್ದಾರೆ, 'ನೆಗೆಟಿವ್ ಬಂತು ಸುಮಿತ್ರಕ್ಕ' ಎಂದು ಫೋನು ಮಾಡಿದವರಿದ್ದಾರೆ. ಈ ವರ್ಷವೂ ಹೇಳಬೇಕು, ನಾನು ಈಗಾಗಲೇ ನೆನಪು ಮಾಡಿದ್ದೇನೆ. ಮೊನ್ನೆ ತೋರಿಸಿಕೊಂಡು ಬಂದಾಗ ಡಾಕ್ಟರು ಭಾವನ ಕರುಳು ಸ್ವಚ್ಛವಾಗಿದೆ ಎಂದರಂತೆ. ಕೇಳಿ ಬಹಳ ಸಂತೋಷವಾಯಿತು. ದೇವರ ಮುಂದೆ ದೀಪ ಹಚ್ಚುವಾಗ ಗಂಡನಿಗೆ, ಮಗಳಿಗೆ, ಅಬೆನಾಳಿಗೆ ಬೇಡಿಕೊಂಡ ಮೇಲೆ ಭಾವನಿಗೂ ತಪ್ಪದೆ ಬೇಡಿಕೊಳ್ಳುತ್ತೇನೆ. ನೂರು ವರ್ಷ ಬಾಳಲಿ. ವರ್ಷ ವರ್ಷವೂ ಎದ್ದು ನಿಂತು ಹೇಳಲಿ.